ಒಂದು ಹಳೇ ಗೋಡೆ, 13 ಮಳೆ

"ಏನು ಬರೆಯಲಿ, ಏನೂ ಹೊಳೀತಾ ಇಲ್ಲ" ಅಂತ ಚಿತ್ರ ಬರೆಯುವ ಗೆಳೆಯರು ಹೇಳಿದಾಗೆಲ್ಲ ನಾನು ಕೊಡುವ ಉತ್ತರ ಒಂದೇ. ಹೊಸ ಜಾಗ ಹುಡುಕಬೇಡಿ. ಮನೆಗೆ ಹತ್ತಿರ ಇರುವ ಒಂದು ಹಳೇ ಗೋಡೆ ಹುಡುಕಿ. ರೋಹಿಣಿ ಮಳೆಯಿಂದ ವಿಶಾಖ ಮಳೆಯವರೆಗೆ, ಪ್ರತಿ ಮಳೆಗೆ ಒಂದು ಸಲ ಹೋಗಿ ಅದರ ಮುಂದೆ ಕೂತು ಒಂದು ಹಾಳೆ ಬರೆಯಿರಿ. ಅಷ್ಟೇ.

ಇದನ್ನು ನಾನು ಕಲಿತದ್ದು ತಡವಾಗಿ. ಎಷ್ಟೋ ವರ್ಷ ರಜೆ ಸಿಕ್ಕಾಗೆಲ್ಲ ಹಂಪಿ, ಬಾದಾಮಿ, ಹಳೇಬೀಡು ಅಂತ ಓಡುತ್ತಿದ್ದೆ. ಒಂದೇ ದಿನದಲ್ಲಿ ಹತ್ತು ಗುಡಿ ನೋಡಿ, ರಾಶಿ ಫೋಟೋ ತೆಗೆದು, ಮನೆಗೆ ಬಂದ ಮೇಲೆ ಆ ಫೋಟೋ ಮುಂದಿಟ್ಟುಕೊಂಡು ಬರೆಯುತ್ತಿದ್ದೆ. ಮೊದಲ ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಎರಡನೆಯದಕ್ಕೆ ಕೈ ಓಡುತ್ತಿರಲಿಲ್ಲ. ಆ ಜಾಗದ ಒಂದು ಗಂಟೆ ಮಾತ್ರ ನನಗೆ ಗೊತ್ತಿತ್ತು, ಅದೂ ಮಧ್ಯಾಹ್ನದ ಒಂದು ಗಂಟೆ. ಕಲ್ಲು ಬೆಳಿಗ್ಗೆ ಹೇಗಿರುತ್ತದೆ, ಮಳೆ ನಿಂತ ಹತ್ತು ನಿಮಿಷಕ್ಕೆ ಹೇಗಿರುತ್ತದೆ, ಯಾವ ಬಿರುಕಿನಿಂದ ನೀರು ಇಳಿಯುತ್ತದೆ, ಯಾವುದೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಎಷ್ಟು ಸಲ ಅಂತ ಬರೆಯೋದು?

ಕ್ಯಾಲೆಂಡರ್ ನಿಮ್ಮ ಮನೆ ಗೋಡೆ ಮೇಲೇ ಇದೆ

ಬೇಸಿಗೆ, ಮಳೆಗಾಲ, ಚಳಿಗಾಲ ಅಂತ ಮೂರೇ ಭಾಗ ಮಾಡಿಕೊಂಡರೆ ಕಣ್ಣಿಗೆ ಕೆಲಸ ಕಡಿಮೆ. ನಮ್ಮ ರೈತರು ಇದಕ್ಕಿಂತ ಎಷ್ಟೋ ಸಣ್ಣದಾಗಿ ಲೆಕ್ಕ ಹಾಕುತ್ತಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದೊಂದು ಮಳೆಯ ಹೆಸರು. ಮನೆಯ ಪಂಚಾಂಗದ ಕ್ಯಾಲೆಂಡರ್ ತೆಗೆದು ನೋಡಿ, ಯಾವ ಮಳೆ ಯಾವತ್ತು ಹುಟ್ಟುತ್ತದೆ ಅಂತ ಅದರಲ್ಲೇ ಇರುತ್ತದೆ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರಾ ಜೂನ್ 7 ಅಥವಾ 8ಕ್ಕೆ, ಆರಿದ್ರಾ 21 ಅಥವಾ 22ಕ್ಕೆ. ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಖೆ, ಪುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಕೊನೆಗೆ ನವೆಂಬರ್ ಮೊದಲ ವಾರದಲ್ಲಿ ವಿಶಾಖ. ಒಟ್ಟು 13.

ಹದಿನೈದು ದಿನಕ್ಕೊಮ್ಮೆ ಅಂತ ಸುಮ್ನೆ ಲೆಕ್ಕ ಇಟ್ಟರೆ ಸಾಲದಾ ಅಂತ ಕೇಳಬಹುದು. ಸಾಲುತ್ತದೆ. ಆದರೆ ಈ ಹೆಸರುಗಳ ಜೊತೆ ಗಾದೆಗಳು ಬರುತ್ತವೆ, ಆ ಗಾದೆಯಲ್ಲಿ ಆಯಾ ಮಳೆಯ ಸ್ವಭಾವ ಇರುತ್ತದೆ, ಚಿತ್ರ ಬರೆಯುವವರಿಗೆ ಬೇಕಾದದ್ದು ಅದೇ. "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ" ಅಂದರೆ ಅದು ನೆಲ ತೋಯಲೇಬೇಕಾದ ಮಳೆ. "ಮಖೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅನ್ನುವಾಗ ಗದ್ದೆ ಹಸಿರು ತುಂಬಿಕೊಂಡು ನಿಂತಿರುತ್ತದೆ. ಚಿತ್ತೆಯನ್ನು ಕುರುಡು ಚಿತ್ತೆ ಅನ್ನುತ್ತಾರೆ. ಈ ಹೊಲಕ್ಕೆ ಬಿದ್ದರೆ ಪಕ್ಕದ ಹೊಲಕ್ಕಿಲ್ಲ. ಆಗ ಹೋಗಿ ಕೂತರೆ ಅರ್ಧ ಆಕಾಶ ಕಪ್ಪು, ಅರ್ಧ ಬಿಸಿಲು, ಗೋಡೆಯ ಮೇಲೆ ಹಳದಿ ಬೆಳಕು, ಹಿಂದೆ ಸೀಸದ ಬಣ್ಣದ ಮೋಡ. ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಬೆಳಕು ನನಗೆ ಇನ್ನೊಂದು ಸಿಕ್ಕಿಲ್ಲ.

ಯಾವ ಗೋಡೆ?

ನಡೆದುಕೊಂಡು ಹೋಗುವಷ್ಟು ಹತ್ತಿರ ಇರಬೇಕು. ಕಾರಿನಲ್ಲಿ ಎರಡು ಗಂಟೆ ಹೋಗಬೇಕಾದ ಗೋಡೆಗೆ 13 ಸಲ ಹೋಗುವುದಿಲ್ಲ, ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಪಕ್ಕದಲ್ಲಿ ಬದಲಾಗುವ ಏನಾದರೂ ಇರಲಿ: ಗದ್ದೆ, ಕೆರೆ, ಒಂದು ಮರ, ಕಡೆಗೆ ಒಂದು ಪೇರಲೆ ಗಿಡವಾದರೂ. ಋತುವನ್ನು ಮೊದಲು ಹೇಳುವುದು ಗಿಡ, ಆಮೇಲೆ ಗೋಡೆ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ, ಗೋಡೆಯ ದಿಕ್ಕು. ಮಲೆನಾಡು, ಕರಾವಳಿಯಲ್ಲಿ ಮುಂಗಾರಿನ ಗಾಳಿ ನೈಋತ್ಯದಿಂದ ಬರುತ್ತದೆ. ಹಾಗಾಗಿ ಪಡುವಣ ಮತ್ತು ತೆಂಕಣ ಗೋಡೆಗಳಿಗೆ ಎರಚಲು ಜಾಸ್ತಿ ಹೊಡೆಯುತ್ತದೆ. ಮೂಡಣ ಗೋಡೆ ಬೆಚ್ಚಗೆ ಉಳಿದುಬಿಡುತ್ತದೆ. ಒಂದೇ ಮನೆಯ ಎರಡು ಗೋಡೆ ನೋಡಿದರೆ ಎರಡು ಬೇರೆ ಮನೆಯ ಹಾಗಿರುತ್ತವೆ. ಮಳೆಯ ಕಥೆ ಬೇಕು ಅಂದರೆ ಪಡುವಣ ಗೋಡೆ ಆರಿಸಿ. ಬಿಸಿಲು ನೆರಳಿನ ಆಟ ಬೇಕು ಅಂದರೆ ಬೆಳಗಿನ ಹೊತ್ತು ಮೂಡಣ ಗೋಡೆ.

ಊರಿಗೆ ತಕ್ಕಂತೆ ಗೋಡೆಯೂ ಬೇರೆ. ಕರಾವಳಿಯ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಅಗೆಯುವಾಗ ಮೆತ್ತಗೆ ಇರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಅದರ ಮೈತುಂಬ ತೂತು, ಆ ತೂತಿನಲ್ಲೆಲ್ಲ ಹಾವಸೆ (ಪಾಚಿ) ಕೂರುತ್ತದೆ, ಹಾಗಾಗಿ ಅದು ಹಸಿರಾಗುವುದೂ ಬೇಗ, ಕಪ್ಪಾಗುವುದೂ ಬೇಗ. ಅಲ್ಲಿ ಮಾಡನ್ನೂ, ಅಂದರೆ ಹಂಚಿನ ಚಾವಣಿಯನ್ನೂ, ಬಿಡಬೇಡಿ. 1865ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಆ ನಮೂನೆಯ ಹಂಚು ಎಲ್ಲ ಕಡೆ ಹರಡಿತು. ಬಿದ್ದ ಹಳೇ ಹಂಚೊಂದನ್ನು ಮಗುಚಿ ನೋಡಿ, ಒಳಮೈಯಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬರೀ ಆ ಅಕ್ಷರಗಳ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರೂ ಒಂದು ಹಾಳೆಯಾಯಿತು. ಒಡೆದ ಹಂಚಿನ ಜಾಗಕ್ಕೆ ಹೊಸದು ಹಾಕಿರುತ್ತಾರೆ, ಕಪ್ಪು ಮಾಡಿನ ನಡುವೆ ಅಲ್ಲಲ್ಲಿ ಕೆಂಪು ತೇಪೆ. ಅದನ್ನು "ಸರಿಪಡಿಸಿ" ಎಲ್ಲವನ್ನೂ ಒಂದೇ ಕೆಂಪು ಮಾಡಬೇಡಿ.

ಬಯಲುಸೀಮೆಯವರಿಗೆ ಮಣ್ಣಿನ ಮಾಳಿಗೆ ಮನೆಗಳಿವೆ. ಮಳೆ ಬಿದ್ದ ಮೇಲೆ ಮಾಳಿಗೆಯ ಮೇಲೇ ಹುಲ್ಲು ಹುಟ್ಟುತ್ತದೆ, ಮನೆಯ ನೆತ್ತಿ ಹಸಿರು, ಮೈ ಕಂದು. ಸುತ್ತ ಎರೆ ಭೂಮಿ ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ. ಬೆಂಗಳೂರಿನಲ್ಲಿದ್ದೀರಾ? ಬಸವನಗುಡಿ, ಮಲ್ಲೇಶ್ವರದ ಒಳರಸ್ತೆಗಳಲ್ಲಿ ಕಿಟಕಿಯ ಮೇಲೆ ಮರದ ಮುಸುಕು ಹೊದ್ದ ಮಂಕಿ ಟಾಪ್ ಮನೆಗಳು ಇನ್ನೂ ಕೆಲವು ಉಳಿದಿವೆ. ಫೆಬ್ರವರಿ-ಮಾರ್ಚಿನಲ್ಲಿ ಟಬೂಬಿಯ ಮರ ಹೂ ಬಿಡುತ್ತದೆ, ಮೇ ತಿಂಗಳಲ್ಲಿ ಗುಲ್‌ಮೊಹರ್. ನಗರದಲ್ಲಿ ಋತು ಗೊತ್ತಾಗಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಬೆಂಗಳೂರಿನ ಹೂಮರಗಳನ್ನು ಜಾಗದಲ್ಲೇ ನಿಂತು ಬರೆದ ರುಮಾಲೆ ಚನ್ನಬಸವಯ್ಯ (1910–1988) ಅವರ ಚಿತ್ರಗಳನ್ನು ಒಮ್ಮೆ ನೋಡಿ. ಊರು ಉರಿಯುವ ಹಾಗೆ ಬಣ್ಣ. ಅದಕ್ಕೆ ಪೂರ್ತಿ ಬೇರೆ ದಾರಿ ಕೆ. ವೆಂಕಟಪ್ಪ (1886–1965) ಅವರದು. ಊಟಿ, ಕೊಡೈಕೆನಾಲ್‌ನ ಮಂಜು, ಮೋಡ, ಬೆಳಗು ಇವುಗಳನ್ನು ಜಲವರ್ಣದಲ್ಲಿ ಎಷ್ಟು ತಾಳ್ಮೆಯಿಂದ ಬರೆದಿದ್ದಾರೆ ಅಂದರೆ ನೋಡುತ್ತ ನಿಂತರೆ ನಮಗೇ ಚಳಿಯಾಗುತ್ತದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಇದೆ. ಒಬ್ಬರು ಬಣ್ಣ ಸುರಿದವರು, ಒಬ್ಬರು ಬಣ್ಣ ಹಿಡಿದಿಟ್ಟವರು. ನಿಮ್ಮ ಕೈ ಯಾವ ಕಡೆ ಒಲಿಯುತ್ತದೆ ಅಂತ ಅಲ್ಲಿಂದಲೇ ಸ್ವಲ್ಪ ಗೊತ್ತಾಗುತ್ತದೆ.

ಮೊದಲ ಅರ್ಧ ಗಂಟೆ ಪೆನ್ಸಿಲ್ ಮುಟ್ಟಬೇಡಿ

ನನ್ನ ಗೋಡೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಹಳ್ಳಿಯ ಹಳೇ ಮನೆಯ ಪಡುವಣ ಗೋಡೆ. ಆ ಮನೆಯ ಅಜ್ಜಿಯ ಮಗ ಮುಂದುಗಡೆ ತಾರಸಿ ಮನೆ ಕಟ್ಟಿಸಿದ ಮೇಲೆ ಹಿಂದಿನ ಮಣ್ಣಿನ ಮನೆಯಲ್ಲಿ ಸೌದೆ, ಅಡಿಕೆ ಗೋಟು, ಹಳೇ ಹಂಡೆ ಇಟ್ಟಿದ್ದರು. ಮೊದಲ ದಿನ ಹೋಗಿ ಕೂತವನು ಐದೇ ನಿಮಿಷಕ್ಕೆ ಬಾಗಿಲು, ಕಿಟಕಿ, ಮಾಡು ಎಲ್ಲ ಗೀಚಿಬಿಟ್ಟೆ. ಆ ಹಾಳೆ ಈಗಲೂ ಇದೆ, ಅದರಲ್ಲಿ ಯಾವ ಊರಿನ ಯಾವ ಮನೆ ಬೇಕಾದರೂ ಆಗಬಹುದು.

ಗೋಡೆಯನ್ನು ಓದುವುದು ಮೇಲಿನಿಂದ ಶುರು ಮಾಡಿ. ಸೂರಿನ ಕೆಳಗೆ ಒಂದು ಮೊಳದಷ್ಟು ಜಾಗಕ್ಕೆ ಮಳೆ ತಾಗುವುದಿಲ್ಲ, ಅಲ್ಲಿ ಸುಣ್ಣ ಇನ್ನೂ ಬೆಳ್ಳಗಿರುತ್ತದೆ. ಅದರ ಕೆಳಗೆ ಎರಚಲಿನ ಗಡಿ ಶುರು. ಆ ಗಡಿ ನೇರ ಗೆರೆಯಲ್ಲ, ಎಲ್ಲಿ ಹಂಚು ಸರಿದಿದೆಯೋ ಅಲ್ಲಿ ಕಪ್ಪು ನಾಲಿಗೆ ಮೇಲಕ್ಕೆ ಚಾಚಿರುತ್ತದೆ. ಮೊಳೆ ಇದ್ದ ಕಡೆ ತುಕ್ಕಿನ ಒಂದು ಸಣ್ಣ ಧಾರೆ ಇಳಿದಿರುತ್ತದೆ. ನಡುವೆ ಸುಣ್ಣ ಪದರ ಪದರವಾಗಿ ಎದ್ದಿರುತ್ತದೆ. ಇಲ್ಲಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ. ನನ್ನ ಗೋಡೆಯಲ್ಲಿ ಒಂದು ಚಕ್ಕೆಯ ಅಂಚಿನಲ್ಲಿ ಹನ್ನೊಂದು ಪದರ ಎಣಿಸಿದೆ. ಎಲ್ಲ ಬಿಳಿಯಲ್ಲ. ಸುಣ್ಣ ಬೆಳ್ಳಗೆ ಕಾಣಲಿ ಅಂತ ಬಟ್ಟೆಗೆ ಹಾಕುವ ನೀಲಿಯನ್ನು ಅದಕ್ಕೂ ಬೆರೆಸುತ್ತಿದ್ದರು, ಹಾಗಾಗಿ ಎರಡು ಪದರ ತಿಳಿ ನೀಲಿ. ಒಂದು ಪದರ ಹಳದಿ, ಯಾವುದೋ ಮದುವೆ ವರ್ಷದ್ದಿರಬೇಕು. ಕಟ್ಟಕಡೆಗೆ ಕೆಮ್ಮಣ್ಣು. ಒಂದು ಉಗುರಿನಷ್ಟು ಚಕ್ಕೆಯಲ್ಲಿ ಹನ್ನೊಂದು ವರ್ಷದ ಹಬ್ಬ. ಆ ಚಕ್ಕೆಯೊಂದನ್ನೇ ಹಾಳೆ ತುಂಬ ದೊಡ್ಡದಾಗಿ ಬರೆದಿದ್ದೇನೆ, ನನಗೆ ಅದು ತುಂಬ ಇಷ್ಟದ ಚಿತ್ರ.

ಕೆಳಗೆ ಬಂದರೆ ನೆಲದಿಂದ ಎರಡು ಅಡಿ ಎತ್ತರದವರೆಗೆ ಕೆಂಪು ಚುಕ್ಕಿ. ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿದ ಮಣ್ಣು ಅದು. ಸೂರಿನ ಸಾಲಿಗೆ ಸರಿಯಾಗಿ ನೆಲದಲ್ಲಿ ಸಣ್ಣ ಸಣ್ಣ ಗುಳಿಗಳ ಸಾಲು. ಗುಳಿ ನೋಡಿದರೆ ಮೇಲೆ ಹಂಚು ಎಷ್ಟಿವೆ ಅಂತ ಎಣಿಸಬಹುದು.

ಈ ಅರ್ಧ ಗಂಟೆಯಲ್ಲಿ ಕಂಡದ್ದನ್ನು ಹಾಳೆಯ ಮೂಲೆಯಲ್ಲಿ ಮಾತಿನಲ್ಲೇ ಬರೆದುಕೊಳ್ಳಿ. "ಮೇಲೆ ಬಿಳಿ, ನಡುವೆ ಕಪ್ಪು ನಾಲಿಗೆ ಮೂರು, ಬಲಕ್ಕೆ ಗೆದ್ದಲಿನ ಗೆರೆ." ಆಮೇಲೆ ಅಂಗೈಯಷ್ಟು ಚೌಕದಲ್ಲಿ ಮೂರು ಪುಟ್ಟ ಚಿತ್ರ ಗೀಚಿ: ಒಂದರಲ್ಲಿ ಗೋಡೆ ಮತ್ತು ಹೊಲ ಎರಡೂ, ಒಂದರಲ್ಲಿ ಗೋಡೆ ಮಾತ್ರ, ಒಂದರಲ್ಲಿ ಗೋಡೆಯ ಒಂದು ಅಡಿ ಜಾಗ. ಮೂರರಲ್ಲಿ ಯಾವುದನ್ನು ಮತ್ತೆ ಮತ್ತೆ ನೋಡಬೇಕು ಅನ್ನಿಸುತ್ತದೋ ಅದನ್ನು ದೊಡ್ಡದು ಮಾಡಿ. ನಾನು ಹತ್ತರಲ್ಲಿ ಏಳು ಸಲ ಮೂರನೆಯದನ್ನೇ ಆರಿಸುತ್ತೇನೆ.

ಮಳೆಯಿಂದ ಮಳೆಗೆ ಏನು ನೋಡಬೇಕು

ರೋಹಿಣಿಯಲ್ಲಿ ಗೋಡೆ ಇನ್ನೂ ಒಣಗಿದೆ, ಬಿಳಿಚಿಕೊಂಡಿದೆ. ಹಿಂದಿನ ವರ್ಷದ ಹಾವಸೆ ಒಣಗಿ ಕರಿ ಕಾಗದದ ಹಾಗೆ ಸುರುಳಿ ಎದ್ದಿರುತ್ತದೆ. ಮೊದಲ ಹನಿಗಳು ಬಿದ್ದಾಗ ಧೂಳಿನ ಮೇಲೆ ಕಪ್ಪು ಚುಕ್ಕಿ ಮೂಡುವುದನ್ನು ಹಿಡಿಯಲು ಪೆನ್ಸಿಲ್ ಸಾಕು.

ಮೃಗಶಿರದಲ್ಲಿ ಗಾಳಿ. ಎರಚಲು ಬೀಳದ ಹಾಗೆ ಮಲೆನಾಡಿನವರು ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಾರೆ. ನಿಮ್ಮ ಗೋಡೆಗೂ ಕಟ್ಟಿದರೆ ಬೇಜಾರಾಗಬೇಡಿ, ಸೋಗೆಯನ್ನೇ ಬರೆಯಿರಿ. ಒಣ ಸೋಗೆಯ ಬೂದು ಮಿಶ್ರಿತ ಕಂದು, ನೆನೆದ ಮೇಲೆ ಕಾಫಿ ಡಿಕಾಕ್ಷನ್‌ನ ಹಾಗಾಗುತ್ತದೆ. ಆರಿದ್ರಾ ಬರುವ ಹೊತ್ತಿಗೆ ಸತ್ತ ಹಾಗಿದ್ದ ಕರಿ ಹಾವಸೆ ಹಸಿರಾಗಿ ಏಳುತ್ತದೆ. ಇದನ್ನು ಮೊದಲ ಸಲ ಕಣ್ಣಾರೆ ನೋಡಿದಾಗ ನಾನು ಬರೆಯುವುದನ್ನು ಮರೆತು ಕೂತಿದ್ದೆ. ಹದಿನೈದು ದಿನದ ಹಿಂದಿನ ಹಾಳೆ ಪಕ್ಕದಲ್ಲಿಟ್ಟು ನೋಡಿದರೆ ಅದೇ ಗೋಡೆ ಅಂತ ಹೇಳಲು ಬಿರುಕುಗಳು ಮಾತ್ರ ಸಾಕ್ಷಿ.

ಪುನರ್ವಸು, ಪುಷ್ಯ, ಆಶ್ಲೇಷ ಕಷ್ಟದ ಮಳೆಗಳು. ಬಿಡದೆ ಹೊಯ್ಯುತ್ತದೆ, ನೆರಳೇ ಇಲ್ಲ, ಎಲ್ಲ ಒಂದೇ ಬೂದು. ಇಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ನೆರಳು ಇಲ್ಲದಿದ್ದಾಗಲೇ ಬಣ್ಣದ ಸಣ್ಣ ವ್ಯತ್ಯಾಸ ಕಾಣುವುದು. ಒದ್ದೆ ಗೋಡೆಯ ಕಪ್ಪಿನಲ್ಲಿ ಹಸಿರೆಷ್ಟು, ಕಂದೆಷ್ಟು, ನೇರಳೆ ಎಷ್ಟು ಅಂತ ಬೇರೆ ಮಾಡಿ ನೋಡಲು ಬಿಸಿಲು ಬಿಡುವುದಿಲ್ಲ, ಮೋಡ ಬಿಡುತ್ತದೆ. ಗೋಡೆಯ ಆಚೆಗೆ ನೋಡಿದರೆ ಸಸಿ ಮಡಿಯ ಎಳೆ ಹಸಿರು, ಅದಕ್ಕಿಂತ ಹೊಳೆಯುವ ಹಸಿರು ಪ್ರಪಂಚದಲ್ಲಿ ಇಲ್ಲ ಅನ್ನಿಸುತ್ತದೆ. ನಾಟಿ ಮಾಡಿದ ವಾರ ಗದ್ದೆ ಕನ್ನಡಿ, ಆಕಾಶ ನೆಲದ ಮೇಲೆ ಬಿದ್ದಿರುತ್ತದೆ.

ಮಖೆಯ ನಂತರ ಮಳೆ ಬಿಟ್ಟು ಬಿಟ್ಟು ಬರುತ್ತದೆ. ಪುಬ್ಬೆ, ಉತ್ತರೆಯಲ್ಲಿ ಬೇಲಿ ಮೇಲೆ ಗೌರಿ ಹೂ, ಬಿರುಕಿನಲ್ಲಿ ಜರಿಗಿಡ, ಗೋಡೆಯ ತಲೆ ಮೇಲೆ ಅರಳಿ ಸಸಿ. ಅರಳಿಯ ಎಳೆ ಎಲೆ ತಾಮ್ರದ ಬಣ್ಣ, ಸುಣ್ಣದ ಹಿನ್ನೆಲೆಯಲ್ಲಿ ಅದನ್ನು ಬಿಡಿಸುವುದು ದೊಡ್ಡ ಖುಷಿ.

ಹಸ್ತ, ಚಿತ್ತೆಯ ಹೊತ್ತಿಗೆ ಭತ್ತ ಹೊಡೆ ಒಡೆದು ತೆನೆಯಾಗುತ್ತದೆ. ಆಗಲೇ ಭೂಮಿ ಹುಣ್ಣಿಮೆ, ಬೆಳೆ ಹೊತ್ತ ಭೂಮಿಗೆ ಪೂಜೆ ಮಾಡುವ ಹಬ್ಬ. ಮಲೆನಾಡಿನ ದೀವರು ಅನ್ನುವ ಸಮುದಾಯದ ಮನೆಗಳಲ್ಲಿ ಹೆಂಗಸರು ಪೂಜೆಯ ಎಡೆ ಹೊಲಕ್ಕೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು, ಕಪ್ಪು ಬಣ್ಣ ಹುರಿದು ಕರಿಯಾದ ಅಕ್ಕಿಯದು. ಆ ನೆಲದ ಬಣ್ಣದಿಂದಲೇ ಆ ನೆಲದ ಪೂಜೆ. ನಾನು ಅಂಗಡಿಯ ಬಣ್ಣ ಕಡಿಮೆ ಮಾಡಿ ಮಣ್ಣಿಗೆ ಕೈ ಹಾಕಿದ್ದು ಒಂದು ಬುಟ್ಟಿ ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡಿದ ಮೇಲೆ.

ಸ್ವಾತಿ, ವಿಶಾಖದಲ್ಲಿ ಹಾವಸೆ ಮತ್ತೆ ಕಂದಾಗುತ್ತದೆ. ದೀಪಾವಳಿಗೆ ಯಾರಾದರೂ ಸುಣ್ಣ ಬಳಿದು ನೀವು ಆರು ತಿಂಗಳು ನೋಡಿದ್ದನ್ನೆಲ್ಲ ಮುಚ್ಚಿಬಿಡಬಹುದು. ಅದನ್ನೂ ಬರೆಯಿರಿ.

ಬಣ್ಣ, ಕಾಗದ

ಪಟ್ಟಿ ಉದ್ದ ಬೇಡ. ಕಾಗದ ಮಾತ್ರ 300 ಜಿಎಸ್‌ಎಂನದ್ದೇ ಇರಲಿ, ತೆಳು ಕಾಗದ ಮಳೆಗಾಲದ ತೇವಕ್ಕೆ ಬಣ್ಣ ಹಾಕುವ ಮೊದಲೇ ಸೊಟ್ಟಗಾಗುತ್ತದೆ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಸ್ಯಾಪ್ ಗ್ರೀನ್ (ಎಲೆ ಹಸಿರು), ಈ ನಾಲ್ಕರಲ್ಲಿ ವರ್ಷ ಕಳೆಯಬಹುದು. ಕಪ್ಪು ಟ್ಯೂಬ್ ಮನೆಯಲ್ಲೇ ಬಿಟ್ಟು ಹೋಗಿ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಬೂದು ಬರುತ್ತದೆ, ನೀಲಿ ಜಾಸ್ತಿಯಾದರೆ ಮಳೆ ಮೋಡ, ಕಂದು ಜಾಸ್ತಿಯಾದರೆ ನೆನೆದ ಮರದ ತೊಲೆ. ಟ್ಯೂಬಿನ ಕಪ್ಪು ಹಳೇ ಗೋಡೆಯ ಮೇಲೆ ಸತ್ತ ಹಾಗೆ ಕೂರುತ್ತದೆ.

ಸುಣ್ಣ ಎದ್ದ ಜಾಗಕ್ಕೆ ಒಂದು ಒಳ್ಳೆಯ ಉಪಾಯ ಮೇಣದಬತ್ತಿ. ಬಿಳಿ ಉಳಿಯಬೇಕಾದ ಕಡೆ ಮೊದಲೇ ಒಣ ಕಾಗದದ ಮೇಲೆ ಮೇಣ ಉಜ್ಜಿ, ಆಮೇಲೆ ಬಣ್ಣ ಹರಿಸಿ. ಮೇಣ ಕೂತ ಕಡೆ ಬಣ್ಣ ಹಿಡಿಯುವುದಿಲ್ಲ, ಚೂರುಚೂರಾಗಿ ಬಿಳಿ ಉಳಿಯುತ್ತದೆ. ಮುರಕಲ್ಲಿಗೆ, ಒಣ ಹಾವಸೆಗೆ ಕುಂಚದ ನೀರನ್ನು ಬಟ್ಟೆಗೆ ಒರೆಸಿ, ಒಣ ಕುಂಚವನ್ನು ಅಡ್ಡ ಹಿಡಿದು ಎಳೆಯಿರಿ. ಕಾಗದದ ತರಿ ಮಾತ್ರ ಬಣ್ಣ ಎತ್ತಿಕೊಳ್ಳುತ್ತದೆ.

ಆಶ್ಲೇಷದಲ್ಲಿ ಜಲವರ್ಣ ಒಂದು ಗಂಟೆಯಾದರೂ ಒಣಗುವುದಿಲ್ಲ. ಆಗ ಅಲ್ಲಿ ಗೆರೆ ಮಾತ್ರ ಹಾಕಿ, ನೀರಿಗೆ ಅಳಿಸದ ಶಾಯಿಯ ಪೆನ್ನಿನಲ್ಲಿ. ಬಣ್ಣ ಮನೆಗೆ ಬಂದು ಹಚ್ಚಿ, ಬಚ್ಚಲ ಒಲೆಯ ಹತ್ತಿರ ಒಣಗಿಸಿ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಪುಷ್ಯ ಮಳೆಯ ನನ್ನ ಎರಡು ಹಾಳೆ ಹಾಗೆ ಹಾಳಾದವು.

ಮಣ್ಣಿನ ಬಣ್ಣ ಮಾಡಿಕೊಳ್ಳುವುದು ಹೀಗೆ. ಬಿದ್ದ ಮಣ್ಣು ಒಂದು ಬೊಗಸೆ ತೆಗೆದುಕೊಳ್ಳಿ, ಗೋಡೆಯಿಂದ ಕೆರೆಯಬೇಡಿ. ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ನೀರಿನಲ್ಲಿ ಕದಡಿ ಅರ್ಧ ನಿಮಿಷ ಬಿಡಿ, ಮರಳು ತಳಕ್ಕೆ ಕೂರುತ್ತದೆ. ಮೇಲಿನ ರಾಡಿ ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ, ಒಂದು ರಾತ್ರಿ ಇಡಿ. ಬೆಳಿಗ್ಗೆ ಮೇಲಿನ ತಿಳಿ ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ಮಣ್ಣು. ಅದನ್ನು ಒಣಗಿಸಿ ಪುಡಿ ಮಾಡಿ. ಗೊಬ್ಬಳಿ ಮರದ ಅಂಟನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಸೋಸಿ, ಅದಕ್ಕೆ ಎರಡು ಹನಿ ಜೇನು, ಬೂಷ್ಟು ಹಿಡಿಯದ ಹಾಗೆ ಒಂದು ಹನಿ ಲವಂಗದ ಎಣ್ಣೆ ಹಾಕಿ, ಈ ಪುಡಿ ಸೇರಿಸಿ ಗಾಜಿನ ಮೇಲೆ ಚೆನ್ನಾಗಿ ಅರೆಯಿರಿ. ಒಣಗಿದ ಮೇಲೆ ಉಜ್ಜಿದರೆ ಪುಡಿ ಉದುರಿದರೆ ಅಂಟು ಕಡಿಮೆ, ಬಿರುಕು ಬಿಟ್ಟು ಹೊಳೆದರೆ ಅಂಟು ಜಾಸ್ತಿ.

ಮನೆಯವರ ಜೊತೆ ಮಾತಾಡಿ

ಪಾಳು ಬಿದ್ದ ಮನೆ ಅಂತ ನಮಗೆ ಕಾಣುವುದು ಯಾರದೋ ಹುಟ್ಟಿದ ಮನೆ. ಕೇಳದೆ ಒಳಗೆ ಹೋಗಬೇಡಿ, ಅವರ ಎದುರಿಗೆ "ಪಾಳು" ಅನ್ನುವ ಮಾತು ಬೇಡ. ನನ್ನ ಗೋಡೆಯ ಮನೆಯ ಅಜ್ಜಿ ಮೊದಲ ದಿನ ಕೇಳಿದ್ದು, "ಬೀಳೋ ಗೋಡೆ ಬರ್ದು ಎಂತ ಮಾಡ್ತೀಯ ಮಗಾ? ಮುಂದಿನ ಹೊಸ ಮನೆ ಬರಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು, ಅದು ನನ್ನನ್ನು ಸುಮಾರು ದಿನ ಕಾಡಿತು. ಮೂರನೇ ಸಲ ಹೋದಾಗ ಹಿಂದಿನ ಹಾಳೆಗಳನ್ನು ಅವರ ಕೈಗೆ ಕೊಟ್ಟೆ. ಜಗಲಿ ಮೇಲೆ ಕೂತು ನಿಧಾನವಾಗಿ ನೋಡಿದರು. ಆಮೇಲೆ ಎದ್ದು ಬಂದು ಗೋಡೆಯ ಮೇಲೆ ಅಡ್ಡಕ್ಕೆ ಹೋಗಿದ್ದ ಮೂರು ಬಿರುಕು ತೋರಿಸಿದರು. "ಇದು ಬಿರುಕಲ್ಲ. ಮಣ್ಣು ಕಲಸಿ ಒಂದು ಮೊಳ ಹಾಕದು, ಅದು ಒಣಗೋ ತನಕ ಕಾಯದು, ಮತ್ತೆ ಒಂದು ಮೊಳ. ನಮ್ಮ ಮಾವ ನಿಲ್ಸಿದ್ದು ಇಲ್ಲಿ, ಇಲ್ಲಿ, ಇಲ್ಲಿ."

ಅವತ್ತಿನಿಂದ ಆ ಗೆರೆಗಳನ್ನು ಬರೆಯುವ ನನ್ನ ಕೈಯೇ ಬದಲಾಯಿತು. ಮೊದಲು ಅವು ಹಾಳಾದ ಗುರುತಾಗಿದ್ದವು, ಈಗ ಒಬ್ಬರು ಮೂರು ಸಲ ಕೈ ತೊಳೆದುಕೊಂಡು ಕಾದ ಗುರುತು. ಆಳವಾಗಿ ಚೂಪಾಗಿ ಎಳೆಯುತ್ತಿದ್ದವನು ಮೆತ್ತಗೆ ಎಳೆಯಲು ಶುರು ಮಾಡಿದೆ, ಗೋಡೆ ಆಗಲೇ ಗೋಡೆಯ ಹಾಗೆ ಕಂಡದ್ದು.

ಜೋರು ಮಳೆಯಲ್ಲಿ ನೆನೆದ ಮಣ್ಣಿನ ಗೋಡೆಗೆ ಒರಗಬೇಡಿ, ಗೋಡೆಯ ಎತ್ತರಕ್ಕಿಂತ ಜಾಸ್ತಿ ದೂರದಲ್ಲೇ ಕೂತುಕೊಳ್ಳಿ. ಬಿದ್ದ ಹಂಚಿನ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಕದಲಿಸಿ ನೋಡಿ, ಹಾವಿರುತ್ತದೆ. ಇಂಬಳಕ್ಕೆ ಸುಣ್ಣ ಜೇಬಿನಲ್ಲಿರಲಿ. ಹಳೇ ಗುಡಿ, ಕೋಟೆಯಲ್ಲಾದರೆ ಕಲ್ಲಿನ ಮೇಲೆ ಬಣ್ಣದ ನೀರು ಚೆಲ್ಲಬೇಡಿ, ಒಂದು ಚೂರನ್ನೂ ಮನೆಗೆ ತರಬೇಡಿ.

ದೂರ ಹೋಗಲೇಬೇಕು ಅಂದರೆ

ವರ್ಷಕ್ಕೆ ಒಂದು ಜಾಗಕ್ಕೆ ಎರಡು ಸಲ ಹೋಗಿ, ಎರಡು ಜಾಗಕ್ಕೆ ಒಂದೊಂದು ಸಲ ಬೇಡ. ನಾನು ಹೇಳುವುದು ಹಾಸನದ ಹತ್ತಿರದ ಶೆಟ್ಟಿಹಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಅದರ ಕಾಲಿಗೆ ಬಂತು. ಮಾಡು ಇಲ್ಲ, ಒಂದಷ್ಟು ಭಾಗ ಬಿದ್ದಿದೆ, ಕಮಾನುಗಳು ನಿಂತಿವೆ. ಏಪ್ರಿಲ್‌ನಲ್ಲಿ ಹೋದರೆ ಒಣ ನೆಲದ ಮೇಲೆ ನಡೆದು ಒಳಗೇ ಹೋಗಬಹುದು. ಗಾರೆ ಕಿತ್ತು ಇಟ್ಟಿಗೆ ಕಾಣುತ್ತದೆ, ನೆರಳು ಕತ್ತರಿಸಿಟ್ಟ ಹಾಗೆ ಬೀಳುತ್ತದೆ. ಒಳ್ಳೆಯ ಮಳೆಯಾದ ವರ್ಷ ಮುಂಗಾರು ಮುಗಿಯುವ ಹೊತ್ತಿಗೆ ಹೋದರೆ ಅದೇ ಕಮಾನುಗಳು ಅರ್ಧ ನೀರಿನಲ್ಲಿ, ಇನ್ನರ್ಧ ನೀರಿನ ಮೇಲಿನ ಪ್ರತಿಬಿಂಬದಲ್ಲಿ ಪೂರ್ತಿಯಾಗಿ ನಿಂತಿರುತ್ತವೆ. ನೀರು ಇಳಿದ ಮೇಲೆ ಗೋಡೆಯ ಮೇಲೆ ಅದು ನಿಂತ ಮಟ್ಟದ ಗೆರೆಗಳು ಉಳಿದಿರುತ್ತವೆ. ಬೇಸಿಗೆಯಲ್ಲಿ ಒಳಗೆ ನಿಂತು ಆ ಗೆರೆ ನಿಮ್ಮ ತಲೆಗಿಂತ ಎಷ್ಟು ಮೇಲಿದೆ ಅಂತ ನೋಡಿ, ಆ ಒಂದು ಗೆರೆಯಿಂದಲೇ ಚಿತ್ರ ಶುರು ಮಾಡಿ. ನೀರು ಎಷ್ಟಿದೆ ಅನ್ನುವುದು ಆ ವರ್ಷದ ಮಳೆಯ ಮೇಲೆ, ಹೊರಡುವ ಮೊದಲು ಹಾಸನದ ಕಡೆಯವರನ್ನು ಕೇಳಿಕೊಳ್ಳಿ. ಗೋಡೆ ಹತ್ತಬೇಡಿ, ದಯವಿಟ್ಟು.

ಹಂಪಿಗೂ ಇದೇ ಮಾತು. ಎಲ್ಲರೂ ಬಿಸಿಲಿನ ಕಾಲದ ಚಿತ್ರ ಬರೆದಿದ್ದಾರೆ, ಮಳೆ ಬಿದ್ದ ಮರುದಿನ ಬಂಡೆಗಳ ನಡುವೆ ಹುಲ್ಲು ಹುಟ್ಟಿದ ಹಂಪಿಯನ್ನು ಬರೆದವರು ಕಡಿಮೆ. ಬಾದಾಮಿಯ ಕೆಂಪು ಮರಳುಗಲ್ಲಿನ ಮೇಲಿಂದ ಜೋರು ಮಳೆಯ ದಿನ ಅಕ್ಕ-ತಂಗಿ ಜಲಪಾತ ಇಳಿಯುತ್ತದೆ. ನೀರು ಹರಿದ ಕಡೆ ಕಲ್ಲು ಕಪ್ಪು ಪಟ್ಟೆ, ಪಕ್ಕದಲ್ಲಿ ಕಿತ್ತಳೆ. ಬೇಸಿಗೆಯಲ್ಲಿ ಹೋದವರಿಗೆ ಆ ಕಪ್ಪು ಪಟ್ಟೆ ಯಾಕೆ ಅಂತಲೇ ಅರ್ಥವಾಗುವುದಿಲ್ಲ.

ಗೋಡೆ ಬಿದ್ದರೆ?

ಬೀಳುತ್ತದೆ. ನನ್ನ ಗೋಡೆ ಎರಡನೇ ವರ್ಷದ ಆಶ್ಲೇಷದಲ್ಲಿ ಬಿತ್ತು, ರಾತ್ರಿ, ಯಾರಿಗೂ ಏನೂ ಆಗಲಿಲ್ಲ. ನಾನು ಹೋದಾಗ ನೀಲಿ ಪದರದ ಚಕ್ಕೆಗಳು ಕೆಸರಿನಲ್ಲಿ ಬಿದ್ದಿದ್ದವು. ನನಗೆ ಅಳು ಬಂತು, ಅಜ್ಜಿ ಸುಮ್ಮನೆ ನಿಂತಿದ್ದರು. ಆ ಜಾಗವನ್ನು ಬಿಡಬೇಡಿ, ಮುಂದಿನ ಮಳೆಗೂ ಅಲ್ಲಿಗೇ ಹೋಗಿ. ಮಖೆಯಲ್ಲಿ ಆ ಮಣ್ಣಿನ ದಿಬ್ಬದ ಮೇಲೆ ಹುಲ್ಲು ಬಂತು. ಉತ್ತರೆಯಲ್ಲಿ ಒಂದು ಗೌರಿ ಹೂವಿನ ಬಳ್ಳಿ. ಹಳೇ ಗೋಡೆಯ ಮಣ್ಣು ತೋಟಕ್ಕೆ ಒಳ್ಳೆಯದು ಅಂತ ಸ್ವಾತಿ ಮಳೆ ಕಳೆದ ಮೇಲೆ ಅವರ ಮಗ ಅದನ್ನು ಬುಟ್ಟಿ ಬುಟ್ಟಿ ಹೊತ್ತು ಅಡಿಕೆ ಮರಗಳ ಬುಡಕ್ಕೆ ಹಾಕಿದರು. ಅಜ್ಜಿ ಒಂದು ಬೊಗಸೆ ತೆಗೆದು ನನ್ನ ಚೀಲಕ್ಕೆ ಹಾಕಿ, "ನಿನ್ನ ಬಣ್ಣಕ್ಕೆ" ಅಂದರು. ವಿಶಾಖದ ಹಾಳೆಯಲ್ಲಿ ಖಾಲಿ ಜಾಗ, ಅದರಾಚೆ ಕಟಾವಿಗೆ ಬಂದ ಗದ್ದೆ, ಕೆಳಗೆ ನೆಲದಲ್ಲಿ ಸೂರಿನ ನೀರಿನ ಗುಳಿಗಳ ಸಾಲು ಇನ್ನೂ ಹಾಗೇ ಇದೆ. ನೆಲಕ್ಕೆ ಹಚ್ಚಿದ ಕೆಂಪು ಆ ಬೊಗಸೆಯದು.